ಮೆಟ್ಟಿಲ ಮೇಲಿನ ಮಾಲೀಕ

ಮಹಡಿ ಕಟ್ಟಿಸಿ ಬಾಡಿಗೆಗೆ ಕೊಡಲು ಹೊರಟಿರುವ ಸಣ್ಣ ಮಾಲೀಕ ಬಂಧುಗಳೇ, ನೀರು ನಿಲ್ಲಿಸುವ ವಾಲ್ವನ್ನು ಮನೆಯ ಹೊರಗೆ ಹಾಕಿಸಿ. ಬಾಡಿಗೆದಾರರ ಬಚ್ಚಲಿನ ಒಳಗೆ ಮಾತ್ರ ಹಾಕಿಸಬೇಡಿ. ನಾನು ಈವರೆಗೆ ಪತ್ರಿಕೆಯಲ್ಲಿ ಲೋಕಕ್ಕೆ ಕೊಟ್ಟಿರುವ ಉಪದೇಶಗಳ ರಾಶಿಯಲ್ಲಿ ಈಗ ನನಗೇ ನಂಬಿಕೆ ಉಳಿದಿರುವುದು ಇದೊಂದರಲ್ಲಿ. ಉಳಿದವೆಲ್ಲ ನನ್ನ ಅಡುಗೆಮನೆಯ ತಾರಸಿಯ ಗಾರೆಯ ಜೊತೆಗೇ ಕಳಚಿ ಬಿದ್ದಿವೆ.

ನಾನು ಹೆಚ್ಚು ಓದಿದವನಲ್ಲ. ಶಾಲೆ ನನ್ನನ್ನು ಬಿಟ್ಟಿತೋ ನಾನೇ ಶಾಲೆಯನ್ನು ಬಿಟ್ಟೆನೋ ಎಂಬ ವಿಷಯದಲ್ಲಿ ಇನ್ನೂ ಭಿನ್ನಾಭಿಪ್ರಾಯವಿದೆ. ಆಮೇಲೆ ಕಲಿತದ್ದೆಲ್ಲ ಅಂಗಡಿಯಿಂದ ಬಂದ ಪೊಟ್ಟಣದ ಕಾಗದಗಳನ್ನು ಬಿಡಿಸಿ ಓದಿಕೊಂಡು. (ಅದಕ್ಕೇ ನಿಮ್ಮ ಜ್ಞಾನಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ, ಬರೀ ನಡುವಿನ ಭಾಗ ಎಂದು ನನ್ನವಳು ಹೇಳುತ್ತಾಳೆ.) ಆದರೆ ಸಿಟ್ಟು ಮಾಡಿಕೊಳ್ಳಲು ಪದವಿ ಬೇಡವಲ್ಲ. ಕಣ್ಣೆದುರು ಅನ್ಯಾಯ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಉರಿದದ್ದನ್ನು ವಾರಕ್ಕೊಮ್ಮೆ ಅಂಕಣ ಮಾಡಿ ಕೊಡುತ್ತೇನೆ. ಕೊಡುವ ಮೊದಲು ನನ್ನವಳಿಗೆ ಓದಿ ಹೇಳುತ್ತೇನೆ. ಅಚ್ಚಾದ ಮೇಲೂ ಓದಿ ಹೇಳುತ್ತೇನೆ, ಏನಾದರೂ ಬಿಟ್ಟುಹೋಗಿದೆಯೇ ನೋಡಲು.

ಬಾಡಿಗೆ ಮನೆಗಳ ವಿಷಯದಲ್ಲಿ ನನಗೆ ಬೆಂಕಿ ಹಚ್ಚಿದವನು ನನ್ನ ಹೆಂಡತಿಯ ತಮ್ಮ. ಅವನಿಗೆ ಊರಿನಲ್ಲಿ ನಾಲ್ಕಾರು ಬಾಡಿಗೆ ಮನೆಗಳಿವೆ. ಎಲ್ಲದರ ನಕಲಿ ಕೀಲಿಗಳನ್ನೂ ಒಂದು ಬಳೆಯಷ್ಟಗಲದ ಉಂಗುರಕ್ಕೆ ಪೋಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾನೆ. ಅವನು ಬೀದಿಯ ತಿರುವಿನಲ್ಲಿರುವಾಗಲೇ ಗಂಟೆ ಕಟ್ಟಿದ ಎತ್ತಿನ ಹಾಗೆ ಸದ್ದು ಬರುತ್ತದೆ. ಬಾಡಿಗೆದಾರರು ಮನೆಯಲ್ಲಿದ್ದರೂ ಸರಿ, ಇಲ್ಲದಿದ್ದರೂ ಸರಿ, ಬೀಗ ತೆಗೆದು ಒಳಗೆ ನುಗ್ಗಿ ಗೋಡೆಗೆ ಹೊಡೆದ ಮೊಳೆ ನೋಡಿ ಬರುವುದು ಅವನ ಆಡಳಿತ ಕ್ರಮ. ಒಮ್ಮೆ ಒಬ್ಬ ಹೆಣ್ಣುಮಗಳು ಸ್ನಾನ ಮಾಡಿ ಒದ್ದೆ ತಲೆಯಲ್ಲಿ ಹೊರಗೆ ಬಂದರೆ ಈ ಮಹಾರಾಯ ನಡುಮನೆಯಲ್ಲಿ ನಿಂತು ಕಿಟಕಿಯ ಚಿಲಕ ಅಲ್ಲಾಡಿಸುತ್ತಿದ್ದ. 'ನೀವು ನಿಮ್ಮ ಕೆಲಸ ನೋಡ್ಕೊಳ್ಳಿ ತಾಯಿ, ನಾನು ಚಿಲಕ ನೋಡೋಕೆ ಬಂದೆ' ಎಂದನಂತೆ. ಇದನ್ನು ಅವನು ನಮ್ಮ ಮನೆಯಲ್ಲಿ ತಮಾಷೆಯಾಗಿ ಹೇಳಿಕೊಂಡು ನಕ್ಕ. ಆ ಹುಡುಗಿ ಮರುದಿನವೇ ಮನೆ ಖಾಲಿ ಮಾಡಿದ್ದಳು. ನನಗೆ ನಗು ಬರಲಿಲ್ಲ.

ಆ ವಾರ ಬರೆದೆ. ಮನೆ ನಿನ್ನದು, ಬದುಕು ಅವರದು ಎಂದು ಶೀರ್ಷಿಕೆ ಕೊಟ್ಟೆ. ಒಂದು ದಿನ ಮೊದಲು ತಿಳಿಸದೆ ಬಾಡಿಗೆದಾರರ ಹೊಸ್ತಿಲು ದಾಟಬೇಡ. ನಕಲಿ ಕೀಲಿ ಇಟ್ಟುಕೊಳ್ಳಬೇಡ. ಸೋರುತ್ತದೆ ಎಂದರೆ ಆ ವಾರವೇ ಸರಿಮಾಡಿಸು, ಮಳೆ ನಿಲ್ಲಲಿ ಎನ್ನಬೇಡ. ಅವರು ಬರುವ ಮೊದಲೇ ಗೋಡೆ ನೆಲಗಳ ಫೋಟೋ ತೆಗೆದಿಡು, ಆಮೇಲೆ ಕಲೆ ಯಾರದೆಂದು ಕಿತ್ತಾಡಬೇಡ. ಅವರ ಮನೆಗೆ ಬರುವ ನೆಂಟರನ್ನು ಗೇಟಿನಲ್ಲಿ ನಿಲ್ಲಿಸಿ ವಿಚಾರಣೆ ಮಾಡಬೇಡ. ಜನ ಮೆಚ್ಚಿದರು. ಭಾವಮೈದುನ ಮಾತ್ರ, 'ಭಾವ ಇನ್ನೂ ಒಂದು ಮನೇನೂ ಬಾಡಿಗೆಗೆ ಕೊಟ್ಟಿಲ್ಲ, ಅದಕ್ಕೇ ಇಷ್ಟು ಚೆನ್ನಾಗಿ ಬರೀತಾರೆ' ಎಂದು ಅಕ್ಕನ ಹತ್ತಿರ ಹೇಳಿ ಹೋದ.

ಹಟಕ್ಕೆ ಬಿದ್ದು ಮಹಡಿ ಕಟ್ಟಿಸಿದೆ ಎಂದರೆ ತಪ್ಪಾಗಲಾರದು. ನಕ್ಷೆ ನನ್ನದೇ. (ಅದನ್ನೂ ಸ್ವಂತ ಓದಿನಿಂದ ಕಲಿತಿದ್ದೆ.) ಹೊರಗಿನಿಂದ ಮೆಟ್ಟಿಲು, ಮೆಟ್ಟಿಲು ಮುಗಿದಲ್ಲಿ ಬಾಗಿಲು, ಟ್ಯಾಂಕಿಗೆ ಹೋಗುವ ದಾರಿ ಆ ಮನೆಯ ಒಳಗಿನಿಂದ, ಟ್ಯಾಂಕಿನ ನೀರು ನಿಲ್ಲಿಸುವ ವಾಲ್ವ್ ಆ ಮನೆಯ ಬಚ್ಚಲಲ್ಲಿ. ಬಾಡಿಗೆದಾರರಿಗೆ ಪೂರ್ಣ ಸ್ವರಾಜ್ಯ ಇರಲಿ ಎಂಬುದು ನನ್ನ ಆಶಯ.

ಬಂದವರು ರೈಲಿನ ಗಾರ್ಡು. ನಡುವಯಸ್ಸಿನ ಒಂಟಿ ಹೆಂಗಸು, ಬಿಳಿ ಸಮವಸ್ತ್ರ, ಕೈಯಲ್ಲಿ ಕಬ್ಬಿಣದ ಪೆಟ್ಟಿಗೆ, ಒಂದು ಮಾತಿಗೆ ಎರಡು ಮಾತು ಆಡದ ಸ್ವಭಾವ. ಗಾರ್ಡಮ್ಮ ವಾರದಲ್ಲಿ ಹೆಚ್ಚು ದಿನ ಗಾಡಿಯ ಬಾಲದಲ್ಲೇ ಇರುತ್ತಿದ್ದರು. ಕೀಲಿ ಕೊಡುವ ದಿನ ನಾನು ಇದ್ದ ಕೀಲಿಗಳನ್ನೆಲ್ಲ ಅವರ ಅಂಗೈಗೆ ಸುರಿದೆ. ಆಪತ್ತಿಗೆ ಒಂದಾದರೂ ನಮ್ಮಲ್ಲಿರಲಿ ಎಂದು ನನ್ನವಳು ಹಿಂದಿನಿಂದ ಅಂಗಿ ಎಳೆದಳು. ಆಪತ್ತು ಎಂಬುದೇ ಎಲ್ಲ ಸರ್ವಾಧಿಕಾರಿಗಳ ಮೊದಲ ನೆಪ ಎಂದು ಅವಳಿಗೆ ತಿಳಿಹೇಳಿದೆ.

ಇನ್ನು ಆ ದಿನಕ್ಕೆ ಬರುತ್ತೇನೆ. ಬೆಳಗ್ಗೆ ನಾನು ಕೋಣೆಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೆ. ಟ್ಯಾಂಕು ಖಾಲಿಯಾಗಿದೆ, ಪಂಪು ಹಾಕಿ ಎಂದು ನನ್ನವಳು ಕೂಗಿದಳು. ಹಾಕಿದೆ. ಟ್ಯಾಂಕು ತುಂಬಿತು, ಆರಿಸಿದೆ. ಆಮೇಲೆ ಅಡುಗೆಮನೆಗೆ ಹೋದರೆ ಒಲೆಯ ಮೇಲಿನ ಬಾಣಲೆಗೆ ಮೇಲಿನಿಂದ ಹನಿ ಬೀಳುತ್ತಿದೆ. ನೋಡನೋಡುತ್ತಿದ್ದಂತೆ ಹನಿ ದಾರವಾಯಿತು, ದಾರ ಹಗ್ಗವಾಯಿತು. ತಾರಸಿಯ ಒಳಮೈಯ ಮೇಲೆ ನಕ್ಷೆಯಲ್ಲಿಲ್ಲದ ದೇಶವೊಂದು ಹುಟ್ಟಿ ನೆರೆಯ ಗೋಡೆಗಳನ್ನು ಆಕ್ರಮಿಸತೊಡಗಿತು. ಗಾರ್ಡಮ್ಮ ಡ್ಯೂಟಿಯಲ್ಲಿದ್ದರು, ಫೋನು ಯಾವ ಸುರಂಗದಲ್ಲಿತ್ತೋ, ಹತ್ತಲಿಲ್ಲ. ಮೇಲೆ ಬೀಗ.

ನನ್ನವಳ ಮುಖ ಸುಣ್ಣದ ಹಾಗಾಯಿತು. ಪಾಪ, ಅಡುಗೆಮನೆಯ ಚಿಂತೆ ಎಂದುಕೊಂಡೆ. ಅವಳು ಬಕೆಟ್ಟು ಇಡುವುದನ್ನೂ ಬಿಟ್ಟು ನನ್ನನ್ನೇ ಹೊರಗೆ ದಬ್ಬತೊಡಗಿದಳು.

"ರೀ, ನೀವು ಪೇಟೆಗೆ ಹೋಗಿ ಪ್ಲಂಬರ್‌ನ ಕರ್ಕೊಂಡು ಬನ್ನಿ. ನಿಧಾನಕ್ಕೇ ಬನ್ನಿ. ಇಲ್ಲಿ ನಾನು ನೋಡ್ಕೋತೀನಿ."

"ಪ್ಲಂಬರ್ ಬಂದು ಏನು ಮಾಡ್ತಾನೆ? ವಾಲ್ವ್ ಇರೋದು ಬೀಗದ ಒಳಗೆ."

"ಅದನ್ನ ನನಗೆ ಬಿಡಿ. ನೀವು ಹೋಗಿ."

ಮನೆ ಮುಳುಗುತ್ತಿರುವಾಗ ಹೆಂಡತಿ ನಿಧಾನಕ್ಕೆ ಬಾ ಎನ್ನುತ್ತಾಳೆಂದರೆ ಅದರಲ್ಲಿ ಏನೋ ಒಳಸಂಚಿದೆ ಎಂದು ನನ್ನ ಪತ್ರಕರ್ತ ಮೂಗಿಗೆ ಹೊಡೆಯಿತು. ಅಷ್ಟರಲ್ಲಿ ಬೀದಿಯ ತಿರುವಿನಿಂದ ಎತ್ತಿನ ಗಂಟೆ ಕೇಳಿಸಿತು. ಎಲ್ಲ ಅರ್ಥವಾಯಿತು. ಅಕ್ಕ ತಮ್ಮ ಸೇರಿ, ನಾನು ಬೆನ್ನು ತಿರುಗಿಸಿದೊಡನೆ ಗಾರ್ಡಮ್ಮನ ಬೀಗ ಒಡೆಯುವವರಿದ್ದಾರೆ.

ಭಾವಮೈದುನ ಬಂದವನೇ ಅಡುಗೆಮನೆ ನೋಡಿದ, ತಾರಸಿ ನೋಡಿದ, ನನ್ನನ್ನು ನೋಡಿದ. ಅವನ ಮುಖದಲ್ಲಿ ಜಾತ್ರೆ ನೋಡಿದ ಮಗುವಿನ ಸಂತೋಷ. ಕೀಲಿಯ ಉಂಗುರ ಬಿಚ್ಚಿ, ಇಷ್ಟರಲ್ಲಿ ಒಂದಾದರೂ ಹಿಡಿಯುತ್ತದೆ, ಹಿಡಿಯದಿದ್ದರೆ ಸಲಾಕೆ ಇದೆ ಎಂದ. ನಾನು ಒಂದೇ ಓಟಕ್ಕೆ ಹೋಗಿ ಮಹಡಿಯ ಮೆಟ್ಟಿಲ ನಡುವೆ ಅಡ್ಡಲಾಗಿ ಕುಳಿತೆ. ಈ ಕಡೆಯ ಕಂಬಿಗೆ ಬೆನ್ನು, ಆ ಕಡೆಯ ಗೋಡೆಗೆ ಪಾದ. ಬಾಡಿಗೆದಾರಳ ಅನುಮತಿಯಿಲ್ಲದೆ ಒಂದು ನೊಣವೂ ಮೇಲೆ ಹೋಗದು ಎಂದು ಘೋಷಿಸಿದೆ.

ಅವನು ವಾದಿಸಿದ; ನಾನು ನನ್ನ ಅಂಕಣವನ್ನೇ ಬಾಯಿಪಾಠ ಒಪ್ಪಿಸಿದೆ. ಅವನು ಕೆಳಗಿನ ಮೆಟ್ಟಿಲಲ್ಲಿ ಕುಳಿತು ಕಡ್ಲೆಬೀಜ ಬಿಡಿಸತೊಡಗಿದ. ನನ್ನವಳ ವರ್ತನೆಯೇ ವಿಚಿತ್ರ. ಸಂಪಾದಕರ ಫೋನು ಬಂದಿದೆ, ಬನ್ನಿ ಎಂದಳು. ಹೋಗಲಿಲ್ಲ. ನಿಮ್ಮ ಪುಸ್ತಕದ ಕಪಾಟಿಗೆ ನೀರು ನುಗ್ಗುತ್ತಿದೆ ಎಂದಳು. ಆದರೂ ಏಳಲಿಲ್ಲ. ಕೊನೆಗೆ ಹತ್ತಿರ ಬಂದು, ತಮ್ಮನಿಗೆ ಕೇಳಿಸದ ಹಾಗೆ ಕಿವಿಯಲ್ಲಿ ಹೇಳಿದಳು:

"ನೀವು ಸುಮ್ನೆ ಕಣ್ಣು ಮುಚ್ಕೊಂಡಿರಿ. ನಾನೊಬ್ಬಳೇ ಹೋಗಿ ಬರ್ತೀನಿ. ಏನೂ ಕೇಳ್ಬೇಡಿ."

ಆತ್ಮಸಾಕ್ಷಿಗೆ ರೆಪ್ಪೆಗಳಿಲ್ಲ ಎಂದೆ. (ಅದು ಚೆನ್ನಾಗಿ ಬಂತು, ಮುಂದಿನ ವಾರಕ್ಕೆ ಇರಲಿ ಎಂದು ಮನಸ್ಸಿನಲ್ಲೇ ಎತ್ತಿಟ್ಟುಕೊಂಡೆ.) ಅವಳು ನನ್ನನ್ನು ಒಂದು ನಿಮಿಷ ನೋಡಿದಳು. ಮದುವೆಯಾದಂದಿನಿಂದ ಅವಳು ನನ್ನನ್ನು ಬಗೆಬಗೆಯಾಗಿ ನೋಡಿದ್ದಾಳೆ. ಈ ನೋಟ ಹೊಸದು. ಅಷ್ಟರಲ್ಲಿ ಒಳಗೆ ಗೋಡೆ ಕುಸಿದಂಥ ಸದ್ದಾಯಿತು. ಅಡುಗೆಮನೆಯ ತಾರಸಿಯ ಗಾರೆ ಹಕ್ಕಳೆ ಹಕ್ಕಳೆಯಾಗಿ ಕಳಚಿ, ಒಲೆ, ಪಾತ್ರೆ, ಆ ದಿನದ ಅಡುಗೆ ಎಲ್ಲದರ ಮೇಲೂ ಬಿದ್ದಿತ್ತು. ನಾನು ಕದಲಲಿಲ್ಲ. ಹಡಗಿನ ಜೊತೆ ಮುಳುಗುವ ಕಪ್ತಾನನ ಮುಖಭಾವ ನನ್ನ ಮುಖದಲ್ಲಿದ್ದಿರಬೇಕು. ಇಂಥದ್ದರ ಫೋಟೋ ತೆಗೆಯುವವರು ಯಾರೂ ಇಲ್ಲವಲ್ಲ ಎಂದೂ ಅನ್ನಿಸಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಾರ್ಡಮ್ಮ ಬಂದರು. ಗೇಟಿನವರೆಗೂ ಹರಿದುಬಂದಿದ್ದ ನೀರನ್ನು ದಾಟಿ, ಪೆಟ್ಟಿಗೆ ಕೆಳಗಿಟ್ಟು, ನನ್ನನ್ನು ನೋಡಿದರು. ನಾನು ಎದ್ದು ನಿಂತು (ಸೊಂಟ ಏಳಲಿಲ್ಲ, ಕಂಬಿ ಹಿಡಿದು ಎಬ್ಬಿಸಿದೆ) ಗಂಭೀರವಾಗಿ ವರದಿ ಒಪ್ಪಿಸಿದೆ: ನನ್ನ ಮನೆ ಹೋದರೂ ಹೋಗಲಿ, ನಿಮ್ಮ ಹೊಸ್ತಿಲನ್ನು ಯಾರಿಗೂ ತುಳಿಯಗೊಡಲಿಲ್ಲ.

ಗಾರ್ಡಮ್ಮ ನನ್ನವಳ ಕಡೆ ತಿರುಗಿದರು.

"ಯಾಕಕ್ಕಾ, ಕೀಲಿ ಕಳ್ಕೊಂಡ್ರಾ?"

ನನ್ನವಳು ತಲೆ ತಗ್ಗಿಸಿ, ಸೆರಗಿನ ಗಂಟಿನಿಂದ ಒಂದು ಕೀಲಿ ಬಿಚ್ಚಿ ತೋರಿಸಿದಳು.

"ಇದೆ. ಇವರು ಬಿಡ್ಲಿಲ್ಲ."

ಕಡ್ಲೆಬೀಜ ತಿನ್ನುತ್ತಿದ್ದ ಭಾವಮೈದುನನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ನನ್ನದೂ. ನಾವಿಬ್ಬರೂ ಒಂದು ವಿಷಯದಲ್ಲಿ ಒಂದಾದದ್ದು ಅದೇ ಮೊದಲು.

ಮೇಲೆ ಹೋದೆವು. ನನ್ನವಳು ಬಚ್ಚಲಿಗೆ ಓಡಿ ನೀರು ನಿಲ್ಲಿಸಿದಳು. ಗರ ಬಡಿದವನಂತೆ ನಾನು ಹೊಸ್ತಿಲ ಹೊರಗೇ ನಿಂತೆ. ಅಲ್ಲಿಂದಲೇ ಎಲ್ಲ ಕಾಣುತ್ತಿತ್ತು. ಬೀದಿ ಕಡೆಯ ಕಿಟಕಿಯ ಪಕ್ಕದಲ್ಲಿ, ಬಡಗಿಯ ಹತ್ತಿರ ರಿಪೇರಿಗೆ ಹೋಗಿದೆ ಎಂದು ನಾನು ನಂಬಿದ್ದ ನಮ್ಮ ಬೆತ್ತದ ಕುರ್ಚಿ. ಅದರ ಮುಂದೆ ಕಾಲು ಚಾಚಲು ಒಂದು ಮಣೆ. ಕುರ್ಚಿಯ ತೋಳಿನ ಮೇಲೆ ನನ್ನವಳ ಕನ್ನಡಕ. ಪಕ್ಕದಲ್ಲಿ ಎದೆಮಟ್ಟಕ್ಕೆ ಪೇರಿಸಿದ ಪತ್ರಿಕೆಗಳು. ನಮ್ಮ ಪತ್ರಿಕೆಯಲ್ಲ, ಎದುರಾಳಿ ಪತ್ರಿಕೆ. ನನ್ನ ಬರಹವನ್ನು ವಂದನೆಗಳೊಂದಿಗೆ ವಾಪಸು ಕಳಿಸಿದ ಆ ಪತ್ರಿಕೆಗೆ ನಮ್ಮ ಮನೆಯೊಳಗೆ ನಿಷೇಧವಿತ್ತು. ಪ್ರತಿಯೊಂದರಲ್ಲೂ ಪದಬಂಧ ತುಂಬಿಸಿತ್ತು, ನನ್ನವಳ ಅಕ್ಷರದಲ್ಲಿ.

ಗಾರ್ಡಮ್ಮ ನಾಲ್ಕೇ ಮಾತಿನಲ್ಲಿ ಮುಗಿಸಿದರು. 'ನಾನು ಡ್ಯೂಟಿಗೆ ಹೋದರೆ ಮನೆ ಖಾಲಿ. ಅಕ್ಕನಿಗೆ ಕೂರಲು ಒಂದು ಜಾಗ ಬೇಕಿತ್ತು. ಕೀಲಿ ಎಲ್ಲ ನೀವೇ ನನಗೆ ಕೊಟ್ಟಿರಿ. ಒಂದನ್ನು ಅವರಿಗೆ ಕೊಟ್ಟೆ.' ಓಣಿಯ ಕೊನೆಯಲ್ಲಿ ಹೊಲಿಗೆ ಕಲಿಯಲು ಎಂದು ದಿನಾ ಮಧ್ಯಾಹ್ನ ಹೊರಡುತ್ತಿದ್ದ ನನ್ನವಳು ನಮ್ಮದೇ ಮೆಟ್ಟಿಲು ಹತ್ತುತ್ತಿದ್ದಳು. (ಇಷ್ಟು ದಿನದ ಹೊಲಿಗೆಯಿಂದ ಒಂದು ಕರವಸ್ತ್ರವೂ ಯಾಕೆ ಹುಟ್ಟಲಿಲ್ಲ ಎಂದು ಕೇಳುವ ಕುತೂಹಲ ಲೋಕದ ಕಣ್ಣು ತೆರೆಸುವ ನನಗೆ ಬಂದಿರಲಿಲ್ಲ.) ಆ ದಿನ ನಾನು ಬರೆಯಲು ಕೂತಿದ್ದರಿಂದ ಬೆಳಗ್ಗೆಯೇ ಹೋಗಿ, ಬಚ್ಚಲಲ್ಲಿ ಕೈ ತೊಳೆಯಲು ನಲ್ಲಿ ತಿರುಗಿಸಿದ್ದಾಳೆ. ನೀರಿಲ್ಲ. ನಲ್ಲಿ ಮುಚ್ಚುವುದನ್ನು ಮರೆತು ಕೆಳಗಿಳಿದು ಪಂಪು ಹಾಕಿ ಎಂದಿದ್ದಾಳೆ. ನೆಲ ಒರೆಸುವ ಬಟ್ಟೆ ತೂಬಿನ ಮೇಲೆ ಕೂತಿದ್ದು ಮಿಕ್ಕ ಕೆಲಸ ಮಾಡಿದೆ. ಮೊದಲ ಹನಿ ಬಿದ್ದ ಕ್ಷಣವೇ ಅವಳಿಗೆ ಎಲ್ಲ ಹೊಳೆದಿತ್ತು. ಹತ್ತಿ ಹೋಗಿ ನಲ್ಲಿ ತಿರುಗಿಸಿ ಬರಲು ಬೇಕಾದದ್ದು, ನಾನು ಮೆಟ್ಟಿಲ ಮೇಲೆ ಇಲ್ಲದಿರುವುದು ಮಾತ್ರ.

ನನ್ನ ಬಾಯಿಂದ ಬಂದದ್ದು ಇಷ್ಟು:

"ಕೆಳಗೆ ಇಡೀ ಮನೆ ಇದೆಯಲ್ಲ. ಅಲ್ಲಿ ಕೂರೋಕೆ ಜಾಗ ಇಲ್ವಾ?"

"ಅಲ್ಲಿ ನೀವಿರ್ತೀರಲ್ಲ" ಎಂದಳು, ಕೋಪವಿಲ್ಲದೆ. "ಬರೆದದ್ದನ್ನ ಓದಿ ಹೇಳ್ತೀರಿ. ಬರೆಯೋಕೆ ಮುಂಚೇನೂ ಹೇಳ್ತೀರಿ. ಮನೆ ನಿನ್ನದು, ಬದುಕು ಅವರದು ಅಂತ ನೀವೇ ಬರೆದ್ರಿ. ನಾನೂ ಕೇಳಿಸ್ಕೊಂಡೆ. ಎರಡು ಸಲ."

ಭಾವಮೈದುನ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಭಾವ, ಇದೇ ಸಮಯ, ತಾರಸಿ ಹಾಳಾಗಿದೆ ಎಂಬ ಕಾರಣ ಸಾಕು, ಈ ತಿಂಗಳೇ ಈಕೆಯನ್ನು ಖಾಲಿ ಮಾಡಿಸಿ, ಅಕ್ಕ ತಾನಾಗಿ ಕೆಳಗೆ ಬರುತ್ತಾಳೆ ಎಂದು ಪಿಸುಗುಟ್ಟಿದ. ಪಿಸುಮಾತೂ ಅವನ ಕೀಲಿಗಳ ಹಾಗೆ, ಎಲ್ಲರಿಗೂ ಕೇಳಿಸಿತು. ನನ್ನವಳು ನೆಲ ಒರೆಸುವ ಬಟ್ಟೆ ಹಿಂಡುತ್ತಿದ್ದವಳು ಹಿಂಡುವುದನ್ನು ನಿಲ್ಲಿಸಿದಳು, ತಲೆ ಎತ್ತಲಿಲ್ಲ. ಅವಳ ಕಣ್ಣು ಇದ್ದದ್ದು ಆ ಕುರ್ಚಿಯ ಮೇಲೆ.

ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಭಾವಮೈದುನನ ಮಾತು ಜೀವನದಲ್ಲಿ ಮೊದಲ ಬಾರಿಗೆ ಸಿಹಿಯಾಗಿ ಕೇಳಿಸಿತು. ಹೆಂಡತಿ ಗಂಡನಿಂದ ತಪ್ಪಿಸಿಕೊಳ್ಳಲು ಗಂಡನ ಮಹಡಿಯನ್ನೇ ಹತ್ತುವುದೆಂದರೇನು, ಅದೂ ಎದುರಾಳಿ ಪತ್ರಿಕೆಯ ಜೊತೆ. ಬಾಯಿ ತೆರೆದೆ. ಆ ಒದ್ದೆ ತಲೆಯ ಹುಡುಗಿ ನೆನಪಾದಳು. ತೆರೆದ ಬಾಯಿಂದ ಏನಾದರೂ ಬರಲೇಬೇಕಿತ್ತು.

"ವಾಲ್ವ್ ಹೊರಗೆ ಹಾಕಿಸ್ತೀನಿ" ಎಂದೆ. "ಕೀಲಿ ಅವಳ ಹತ್ರಾನೇ ಇರಲಿ."

ನನ್ನವಳು ಬಟ್ಟೆ ಹಿಂಡಿದಳು. ಬಹಳ ಹೊತ್ತು ಹಿಂಡಿದಳು.

ಕೆಳಗಿನ ಅಡುಗೆಮನೆ ಸರಿಯಾಗುವವರೆಗೆ ಮೇಲೆಯೇ ಅಡುಗೆ ಮಾಡಿಕೊಳ್ಳಿ ಎಂದು ಗಾರ್ಡಮ್ಮ ಹೇಳಿದ್ದರಿಂದ ಆ ದಿನದ ಒಲೆ ಅಲ್ಲೇ ಹತ್ತಿತು. ಭಾವಮೈದುನ ಸಮವಸ್ತ್ರಕ್ಕೆ ಹೆದರಿದನೋ ಹಸಿವಿಗೆ ಹೆದರಿದನೋ, ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಕೀಲಿ ಸದ್ದಾಗದ ಹಾಗೆ ಸೊಂಟದ ಮೇಲೆ ಕೈ ಇಟ್ಟುಕೊಂಡು, 'ಒಳಗೆ ಬರ್ಲಾ ತಾಯಿ?' ಎಂದು ಕೇಳಿದ. ಹುಟ್ಟಿದ ಮೇಲೆ ಅವನು ಯಾರ ಬಾಗಿಲಲ್ಲೂ ಹಾಗೆ ಕೇಳಿದ್ದನ್ನು ನಾನು ಕಂಡಿಲ್ಲ. ಬನ್ನಿ ಎಂದರು. ಹೋದ. ತಟ್ಟೆಗಳ ಸದ್ದು ಕೇಳಿಸಿತು, ಅವನು ಏನೋ ಹೇಳಿದ್ದು, ಮೂವರೂ ನಕ್ಕಿದ್ದೂ ಕೇಳಿಸಿತು.

ನಾನು ಮೆಟ್ಟಿಲ ಮೇಲೆ ಕುಳಿತಿದ್ದೆ. ಗಾರ್ಡಮ್ಮ ಬಾಗಿಲು ಅರ್ಧ ತೆರೆದು ನನಗೂ ಒಂದು ತಟ್ಟೆ ದಾಟಿಸಿದರು. ತಿಂದೆ. ತಟ್ಟೆ ಕೊಡುವ ನೆಪದಲ್ಲಿ ಬಾಗಿಲು ತಟ್ಟಿ, ಈ ವಾರದ ಅಂಕಣಕ್ಕೆ ಒಂದು ಒಳ್ಳೆಯ ವಿಷಯ ಹೊಳೆದಿದೆ, ಬಂದು ಎರಡು ನಿಮಿಷ ಹೇಳಲೇ ಎಂದು ಕೇಳಿದೆ.

ಒಳಗೆ ಬೆತ್ತದ ಕುರ್ಚಿ ಕಿರುಗುಟ್ಟಿತು. ಪತ್ರಿಕೆಯ ಹಾಳೆ ಮಗುಚಿದ ಸದ್ದಾಯಿತು.

"ನಾಳೆ ಬನ್ನಿ" ಎಂದಳು ನನ್ನ ಹೆಂಡತಿ.