ಕಂಪ್ಯೂಟರಿಗೆ ಕಂಬಳಿ

ಸಿದ್ದಲಿಂಗೇಶ್: ಕಂಪ್ಯೂಟರ್‌ಗೆ ಯಾರಾದ್ರೂ ಕಂಬ್ಳಿ ಹೊದಿಸ್ತಾರೇನೇ?

ಕಾಂಚನಾ: ಮತ್ತೇನ್ ಮಾಡ್ಲಿ? ನೀವು ಗೊರಕೆ ಹೊಡೆದಾಗ ಮುಖದ ಮೇಲೆ ಕಂಬ್ಳಿ ಎಳೀತೀನಿ. ಅರ್ಧ ಸದ್ದು ಅಡಗುತ್ತೆ.

ಈ ಸಂಗತಿ ಸಿದ್ದಲಿಂಗೇಶನಿಗೆ ಇವತ್ತೇ ಗೊತ್ತಾಗಿದ್ದು. ಆದರೆ ವಿಚಾರಣೆಗೆ ಪುರುಸೊತ್ತಿರಲಿಲ್ಲ. ಚಳ್ಳಕೆರೆಯ ಆ ಮನೆಯ ಪಡಸಾಲೆಯೇ ಅವನ ಮದುವೆ ವಿಡಿಯೋ ಅಂಗಡಿ. ರಾಂಪುರದವರ ಮಗಳ ಮದುವೆಯನ್ನೆಲ್ಲ ಕೂಡಿಸಿ ಸಿನಿಮಾ ಮಾಡುವ ಕೆಲಸ ಬೆಳಿಗ್ಗೆಯಿಂದ ನಡೆದಿತ್ತು. ಸಂಜೆ ಅವರು ಒಯ್ಯಲು ಬರುವವರು. ಕೆಲಸದ ಭಾರಕ್ಕೆ ಕಂಪ್ಯೂಟರ್ ಪೆಟ್ಟಿಗೆಯೊಳಗಿನ ಫ್ಯಾನು ಗಿರಣಿಯಂತೆ ಮೊರೆಯುತ್ತಿತ್ತು. ಅತ್ತ ಹೆಂಡತಿ ಕಾಂಚನಾ ವಚನ ಹಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ ತಾಲ್ಲೂಕು ಸ್ಪರ್ಧೆಗೆ ಕಳಿಸಲು ಇವತ್ತೇ ಕೊನೆಯ ದಿನ.

ಸಿದ್ದಲಿಂಗೇಶ್: ಒಳಗಿನ ಕೋಣೇಲಿ ಹಾಡು.

ಕಾಂಚನಾ: ಅಲ್ಲೂ ಕೇಳ್ಸುತ್ತೆ. ಬಚ್ಚಲಲ್ಲೂ ಕೇಳ್ಸುತ್ತೆ. ಮಾಳಿಗೆ ಮೇಲೆ ಬರೀ ಗಾಳಿ.

ಸಿದ್ದಲಿಂಗೇಶ್: ಮುಂದಿನ ವರ್ಷ ಹಾಡಿದ್ರಾಯ್ತು.

ಕಾಂಚನಾ: ಹೋದ ವರ್ಷ ಗೆದ್ದೋರು ನನ್ನಿವಾಳದ ನಿಮ್ಮಕ್ಕ. ಬಹುಮಾನ ಬಂದ ಸ್ಟೀಲ್ ಡಬ್ರಿಯಿಂದ್ಲೇ ನಂಗೆ ಸಾರು ಬಡಿಸಿದ್ರು. ನಾನು ಕೇಳಿರ್ಲಿಲ್ಲ, ಮತ್ತೆ ಬಡಿಸಿದ್ರು.

ಅಷ್ಟರಲ್ಲಿ ಕಂಬಳಿಯ ಒಳಗಿಂದ ಸದ್ದು ಇನ್ನೂ ಜೋರಾಯಿತು. ಸಿದ್ದಲಿಂಗೇಶ್ ಕಂಬಳಿ ಕಿತ್ತು ಪೆಟ್ಟಿಗೆ ಮುಟ್ಟಿದ. ರೊಟ್ಟಿ ಹಂಚಿನ ಹಾಗೆ ಕಾದಿತ್ತು.

ಕಾಂಚನಾ: ಹೊದಿಸಿದಷ್ಟೂ ಕೂಗ್ತೈತಲ್ರೀ.

ಸಿದ್ದಲಿಂಗೇಶ್: ಅದಕ್ಕೂ ಸೆಕೆ ಕಣೇ. ಸೆಕೆ ಆದಷ್ಟೂ ಫ್ಯಾನ್ ಜೋರು.

ಕಾಂಚನಾ: ಹಂಗಾರೆ ಕೂಲರ್ ತಂದಿಡ್ಲಾ?

ಸಿದ್ದಲಿಂಗೇಶ್: ಕೂಲರ್‌ಗೆ ಯಾವ ಕಂಬ್ಳಿ ಹೊದಿಸ್ತೀಯಾ? ಒಂದು ದಾರಿ ಐತೆ. ಒಳಗೆ ದುಡಿಯೋ ಪ್ರೊಸೆಸರ್ ವೇಗನ ಅರ್ಧಕ್ಕೆ ಇಳಿಸಿದ್ರೆ ಬಿಸಿ ಏರಲ್ಲ, ಫ್ಯಾನೂ ಸುಮ್ನಾಗುತ್ತೆ.

ಕಾಂಚನಾ: ಮತ್ತೆ ಇಳಿಸೋಕೇನು ದಾಡಿ?

ಸಿದ್ದಲಿಂಗೇಶ್: ಕೆಲಸ ನಾಳೆಗೆ ಹೋಗುತ್ತೆ. ರಾಂಪುರದೋರು ಬಂದ್ರೆ ಏನ್ ಕೊಡ್ಲಿ?

ಕಾಂಚನಾ: ಮಂಡಕ್ಕಿ ಒಗ್ಗರಣೆ ಮಾಡ್ಕೊಡ್ತೀನಿ.

ಸಿದ್ದಲಿಂಗೇಶ್: ಮಗಳ ಮದ್ವೆ ಕೇಳಿದ್ರೆ ಮಂಡಕ್ಕಿ ಕೊಡ್ತೀಯಾ?

ಕಾಂಚನಾ: ಮೆಣಸಿನಕಾಯಿ ಬಜ್ಜೀನೂ ಕೊಡ್ತೀನಿ.

ಹೀಗೆ ಅಂದಳಾದರೂ ಅವಳ ಮುಖ ಸಣ್ಣಗಾಗಿತ್ತು. ಅಕ್ಕನ ಆ ಸಾರಿನ ಊಟ ಅವನಿಗೂ ನೆನಪಿತ್ತು. ಪಾಪ ಅನ್ನಿಸಿ, ರಾಂಪುರದವರು ಏನಾದರೂ ಬೈದುಕೊಳ್ಳಲಿ ಎಂದು ವೇಗ ಇಳಿಸಿಬಿಟ್ಟ. ಫ್ಯಾನು ತಣ್ಣಗಾಯಿತು. ಪಡಸಾಲೆಯಲ್ಲಿ ಗೋಡೆ ಗಡಿಯಾರ ಕೇಳಿಸತೊಡಗಿತು.

ಕಾಂಚನಾ ಕಣ್ಣು ಮುಚ್ಚಿ ಶುರು ಮಾಡಿದಳು. ಮೊದಲ ಸಾಲು ಚಳ್ಳಕೆರೆಯಲ್ಲಿ ಹೊರಟಿತು, ಎರಡನೆಯ ಸಾಲು ದಾರಿ ತಪ್ಪಿ ಮೊಳಕಾಲ್ಮೂರು ಮುಟ್ಟಿತು. ಮತ್ತೆ ಹಾಡಿದಳು, ಈ ಸಲ ಬಳ್ಳಾರಿಯೇ ಬಂತು.

ಸಿದ್ದಲಿಂಗೇಶ್: ಗಂಟಲು ಹಿಡಿದೈತಾ?

ಕಾಂಚನಾ: ಗಂಟಲು ಸರಿ ಐತ್ರೀ. ಶ್ರುತಿ ಸಿಗ್ತಿಲ್ಲ. ದಿನಾ ಅಡುಗೆಮನೇಲಿ ಹಾಡ್ಕೋಬೇಕಾದ್ರೆ ಹಿಂದ್ಗಡೆ ಗುಂಯ್ ಅಂತ ಒಂದು ಇರ್ತಿತ್ತು.

ಇಬ್ಬರೂ ಪೆಟ್ಟಿಗೆಯ ಕಡೆ ನೋಡಿದರು.

ಕಾಂಚನಾ: ಏರಿಸಿ.

ಸಿದ್ದಲಿಂಗೇಶ್: ಹಾಡಿನ ಜೊತೆ ಸದ್ದೂ ರೆಕಾರ್ಡ್ ಆಗುತ್ತೆ.

ಕಾಂಚನಾ: ಆಗ್ಲಿ. ತಂಬೂರಿ ಅಂದ್ಕೋತಾರೆ.

ಸಿದ್ದಲಿಂಗೇಶ್ ಖುಷಿಯಿಂದಲೇ ವೇಗ ಏರಿಸಿದ. ಫ್ಯಾನು ಮೊರೆಯಿತು. ಕಾಂಚನಾ ಪೆಟ್ಟಿಗೆಗೆ ಆತು ಕೂತು ಹಾಡು ಹಿಡಿದಳು. ಇಂಥ ದನಿ ಮನೆಯಲ್ಲೇ ಇದ್ದೂ ಇಷ್ಟು ದಿನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದೆನಲ್ಲ ಎಂದು ಅವನಿಗೆ ನಾಚಿಕೆಯೇ ಆಯಿತು. ಕೊನೆಯ ನುಡಿಗೆ ಬರುವಷ್ಟರಲ್ಲಿ ರಾಂಪುರದ ಮದುವೆ ಮುಗಿಯಿತು, ಫ್ಯಾನು ಇಳಿಯತೊಡಗಿತು. ಕಾಂಚನಾ ಹಾಡುತ್ತಲೇ ಕೈ ಬೀಸಿದಳು. ಅವನು ಕೈಗೆ ಸಿಕ್ಕ ಇನ್ನೊಂದು ಮದುವೆಯನ್ನು ಹಚ್ಚಿದ. ಹಾಡು ದಡ ಸೇರಿತು.

ಕಾಂಚನಾ: ಅದ್ಯಾವ ಮದ್ವೆ ಹಚ್ಚಿದ್ರೀ?

ಸಿದ್ದಲಿಂಗೇಶ್: ನಮ್ಮದೇ ಕಣೇ.

ಕಾಂಚನಾ: ಅಯ್ಯೋ, ಅದ್ರಲ್ಲಿ ಪೂರ್ತಿ ನಿಮ್ಮಕ್ಕಂದೇ ಹಾಡು ಐತಲ್ರೀ.

ಸಿದ್ದಲಿಂಗೇಶ್: ಇರ್ಲಿ ಬಿಡು. ಇವತ್ತು ಅಕ್ಕ ನಿಂಗೆ ಬರೀ ಶ್ರುತಿ ಹಿಡಿದ್ಲು.