ಪೂಜೆಗೆ ಕೂತ ಸರ್ಕಾರಿ ಪೆನ್ನು

ಪುಸ್ತಕ ಇರೋ ಕಡೆ ಗಲಾಟೆ ಇರಲ್ಲ ಅಂತ ಯಾರು ಹೇಳಿದರೋ, ಅವರು ನಮ್ಮ ಯಲಹಂಕದ ಲೈಬ್ರರಿಗೆ ಕಾಲಿಟ್ಟವರಲ್ಲ. ಬಾಗಿಲ ಮೇಲೆ ‘ನಿಶ್ಶಬ್ದ’ ಅಂತ ಒಂದು ಬೋರ್ಡು ಇತ್ತು. ಜನ ಅದನ್ನ ಜೋರಾಗಿ ಓದಿಕೊಂಡು ಒಳಗೆ ಬರ್ತಿದ್ರು.

ಅರವತ್ತರ ದಶಕದ ಮಾತು. ಛತ್ರದ ಪಕ್ಕ ಒಂದು ಕೋಣೆ, ಎರಡು ಬೆಂಚು, ಬಾಗಿಲು ಕೂಡದ ಒಂದು ಬೀರು, ಮತ್ತೆ ನಾನು, ಟೆಂಪರರಿ ಲೈಬ್ರರಿಯನ್. ಆ ವರ್ಷ ಹೆಡ್ಡಾಫೀಸಿನವರು ಹೇಳಿಕಳಿಸಿದ್ರು: ಗ್ರಾಂಟು ಕಡಿಮೆಯಾಗಿದೆ, ಹೊಸ ಪುಸ್ತಕದ ಮಾತೆತ್ತಬೇಡಿ. ದಸರಾ ಹೊತ್ತಿಗೆ ಒಬ್ಬ ಆಫೀಸರು ಬರ್ತಾರೆ, ಜನ ಓದೋದು ಅವರ ಕಣ್ಣಿಗೆ ಬೀಳಬೇಕು, ಇಲ್ಲದಿದ್ರೆ ಲೈಬ್ರರಿ ಮುಚ್ಚಿ ಬೀರು, ಪುಸ್ತಕ ಎಲ್ಲ ಯಶವಂತಪುರಕ್ಕೆ ಸಾಗಿಸ್ತೀವಿ. ನನ್ನನ್ನ ಎಲ್ಲಿಗೆ ಸಾಗಿಸ್ತಾರೆ ಅಂತ ಹೇಳಲಿಲ್ಲ. ಟೆಂಪರರಿಯವನನ್ನ ಮನೆಗೆ ಸಾಗಿಸೋದು ಬಿಟ್ಟರೆ ಬೇರೆ ಜಾಗ ಇಲ್ಲವಲ್ಲ. ಈ ವಿಷಯ ಮನೇಲಿ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಐದನೇ ಪುಟಕ್ಕೆ ನೋಡಿ

ದಿನಕ್ಕೆ ಒಂದೇ ಪೇಪರ್ರು. ಹೆಚ್ಚು ಜನ ಓದಲಿ ಅಂತ ನಾನು ಬೆಳಿಗ್ಗೆ ಬಂದ ತಕ್ಷಣ ಹಾಳೆ ಹಾಳೆ ಬೇರೆ ಮಾಡಿ ಬೆಂಚಿನ ಮೇಲೆ ಇಡ್ತಿದ್ದೆ. ಮೊದಲ ಪುಟದ ಹಾಳೆ ಯಾವಾಗಲೂ ಒಬ್ಬ ಯಜಮಾನರ ಪಾಲು. ಒಳಗಿನ ಹಾಳೆ ಅವರ ತಮ್ಮನ ಪಾಲು. ಹೊಲದ ಬದುವಿನ ಜಗಳದಲ್ಲಿ ಅಣ್ಣತಮ್ಮ ಮಾತು ಬಿಟ್ಟು ವರ್ಷಗಳೇ ಆಗಿದ್ವು.

ಮೊದಲ ಪುಟದ ಸುದ್ದಿ ಎಲ್ಲ ಕುತೂಹಲ ಏರೋ ಹೊತ್ತಿಗೆ ‘ಐದನೇ ಪುಟಕ್ಕೆ ನೋಡಿ’ ಅಂತ ನಿಂತುಬಿಡ್ತಿತ್ತು. ಐದನೇ ಪುಟ ತಮ್ಮನ ಕೈಲಿ. ಅಣ್ಣ ನನ್ನ ಕಡೆ ತಿರುಗಿ, ಆ ಮಂತ್ರಿ ರಾಜೀನಾಮೆ ಕೊಟ್ಟನೋ ಇಲ್ಲವೋ ಅವನನ್ನ ಕೇಳಿ ಅನ್ನೋರು. ತಮ್ಮನೂ ನನಗೇ, ರಾಜೀನಾಮೆ ಯಾಕೆ ಅಂತ ಅವರನ್ನ ಕೇಳಿ ಅನ್ನೋನು. ಹಿಂಗೆ ಸಂಧಾನ ಮಾಡಿ ಮಾಡಿ ಸಾಕಾಗಿ ಒಂದಿನ ನಾನು ಟೀ ಕುಡಿಯೋಕೆ ಎದ್ದು ಹೋದೆ. ವಾಪಸ್ ಬಂದು ನೋಡಿದ್ರೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಮಂತ್ರಿಯನ್ನ ಬೈತಾ ಇದ್ದಾರೆ.

ಸ್ವಲ್ಪ ದಿನಕ್ಕೆ ಊರಿನ ಒಬ್ಬ ವ್ಯಾಪಾರಿ, ಇನ್ನೊಂದು ಪೇಪರ್ರು ನನ್ನ ಖರ್ಚಲ್ಲಿ ಹಾಕಿಸ್ತೀನಿ ಅಂತ ಮುಂದೆ ಬಂದ್ರು. ಬಿಟ್ಟಿ ಬಂದದ್ದು, ನಾನು ಹಿಗ್ಗಿದೆ. ಅವತ್ತೇ ಸಂಜೆ ಅಣ್ಣನ ಹೆಂಡತಿ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಾರೆ. “ಎರಡು ಪೇಪರ್ ತರಿಸಬೇಡಿ ಸ್ವಾಮಿ, ನಿಮ್ಮ ದಮ್ಮಯ್ಯ. ಮತ್ತೆ ಮಾತು ಬಿಡ್ತಾರೆ.”

ಎರಡನೇ ಭಾಗ

ಜನ ಬರದಿದ್ರೆ ನಾವೇ ಹೋಗೋಣ ಅಂತ ಸೈಕಲ್ಲಿಗೆ ಪುಸ್ತಕದ ಟ್ರಂಕು ಕಟ್ಟಿಕೊಂಡು ಅಟ್ಟೂರಿನ ಕಡೆ ಹೊರಟೆ. ಮೊದಲ ಮನೆಯಲ್ಲೇ ಬೋಣಿ. ಗೌಡರ ಮನೆಯಾಕೆ ಹೊರಗೆ ಬಂದು, ಗಟ್ಟಿ ರಟ್ಟಿಂದು, ದಪ್ಪಂದು ಒಂದು ಕೊಡಿ ಅಂದ್ರು. ಯಾರೂ ಮುಟ್ಟದ ಪ್ರಪಂಚದ ಇತಿಹಾಸ ಇತ್ತು, ಎರಡೂ ಕೈಲಿ ಎತ್ತಿಕೊಟ್ಟೆ. ದಾರಿಯುದ್ದಕ್ಕೂ, ಹಳ್ಳಿ ಹೆಣ್ಣುಮಕ್ಕಳಿಗೆ ಎಂಥ ಜ್ಞಾನದಾಹ ಅಂತ ಆಫೀಸರಿಗೆ ಹೇಳಬೇಕಾದ ಭಾಷಣ ತಯಾರಿಸಿಕೊಂಡೆ.

ತಿಂಗಳು ಬಿಟ್ಟು ಹೋದಾಗ ಪುಸ್ತಕ ವಾಪಸ್ ಬಂತು. ರಟ್ಟಿನ ಮೇಲೆ ದುಂಡಗೆ ಒಂದು ಕಲೆ, ಮೂಸಿದ್ರೆ ಹಾಲಿನ ವಾಸನೆ. ಹೇಗಿತ್ತಮ್ಮಾ ಅಂತ ಕೇಳಿದೆ.

“ಬಲು ಚೆಂದಾಗೈತೆ ಸ್ವಾಮಿ. ಇಟ್ಟಾಗಿಂದ ಬೆಕ್ಕು ಆಲಿನ ಪಾತ್ರೆ ತಾವ ಸುಳಿದಿಲ್ಲ. ಇದರದ್ದೇ ಇನ್ನೊಂದು ಭಾಗ ಇದ್ರೆ ಕೊಡಿ, ಮೊಸರಿನ ಗಡಿಗೆ ಅಂಗೇ ಐತೆ.”

ಕೊಟ್ಟೆ. ಓದುಗರ ಬೇಡಿಕೆ ಪೂರೈಸೋದು ನಮ್ಮ ಧರ್ಮ ಅಲ್ಲವೇ.

ಕೊನೆ ಪುಟ ಇಲ್ಲದ ಕೊಲೆ

ನಮ್ಮಲ್ಲಿದ್ದ ಪುಸ್ತಕಗಳಲ್ಲಿ ಜನ ಪ್ರಾಣ ಬಿಡ್ತಿದ್ದದ್ದು ಒಂದೇ ಒಂದು ಪತ್ತೇದಾರಿ ಕಾದಂಬರಿಗೆ. ಬೀಗ ಹಾಕಿದ ಕೋಣೆಯೊಳಗೆ ಒಬ್ಬ ಸಾಹುಕಾರ ಸತ್ತು ಬಿದ್ದಿರ್ತಾನೆ. ಮನೆಯಲ್ಲಿ ಇದ್ದವರು ಡಾಕ್ಟರು, ಅಡುಗೆಯವನು, ಸಾಹುಕಾರನ ಬಾಮೈದ. ಕೊಂದವನು ಯಾರು? ಅದು ಇರೋ ಕೊನೆ ಪುಟಗಳನ್ನ ಯಾರೋ ಪುಣ್ಯಾತ್ಮರು ಕಿತ್ತಿದ್ರು. ಇನ್ನೊಂದು ಪ್ರತಿ ಕಳಿಸಿ ಅಂತ ಹೆಡ್ಡಾಫೀಸಿಗೆ ಹೋಗಿ ಕೇಳಿದೆ. ಕೊಲೆಗಾರನನ್ನ ಹಿಡಿಯೋಕೆ ಈ ವರ್ಷ ಬಜೆಟ್ಟಿಲ್ಲ ಅಂದ್ರು.

ಸಂಜೆ ಅಂಗಡಿ ಮುಚ್ಚಿ ಬಂದು ಅದನ್ನ ಎಲ್ಲರಿಗೂ ಓದಿ ಹೇಳ್ತಿದ್ದವರು ಕಟಿಂಗ್ ಶಾಪಿನಣ್ಣ. ಒಳ್ಳೇ ಕಂಠ. ಕೇಳೋರಲ್ಲಿ ಅರ್ಧ ಜನಕ್ಕೆ ಓದೋಕೆ ಬರ್ತಿರಲಿಲ್ಲ. ಎದುರಿಗೇ ಕೂರೋಳು ಸೊಪ್ಪು ಮಾರೋ ಅಜ್ಜಿ, ಬಾಗಿಲ ಹತ್ತಿರ ಜಟಕಾ ಸಾಹೇಬರು, ಹಿಂದಿನ ಬೆಂಚಿನಲ್ಲಿ ಊರಿನ ಸರ್ಕಾರಿ ಡಾಕ್ಟರು. ಪುಸ್ತಕ ಮುಗಿದ ತಕ್ಷಣ ಮತ್ತೆ ಮೊದಲಿಂದ ಶುರು. ಪುಟ ಇಲ್ಲದ ಕಡೆ ಅಣ್ಣ ಸ್ವಂತದ್ದು ಸೇರಿಸೋರು, ಅದೂ ಅವತ್ತಿನ ಸಿಟ್ಟಿನ ಪ್ರಕಾರ. ಆಸ್ಪತ್ರೆಯಲ್ಲಿ ಕಾಯಿಸಿದ ದಿನ ಡಾಕ್ಟರೇ ಕೊಂದಿದ್ದು. ಹೋಟೆಲಿನಲ್ಲಿ ತಣ್ಣಗಿನ ಇಡ್ಲಿ ಕೊಟ್ಟ ದಿನ ಅಡುಗೆಯವನು.

ಅಜ್ಜಿ ಮಾತ್ರ ಮೊದಲಿಂದ ಡಾಕ್ಟರನ್ನ ಬಿಟ್ಟು ಅಲುಗಾಡಲಿಲ್ಲ. ಸೂಜಿ ಚುಚ್ಚೋ ಕೈಗೆ ಕರುಣೆ ಎಲ್ಲಿಂದ ಬಂತು ಅಂತ ಅವಳ ವಾದ. ಹಿಂದೆ ಕೂತ ನಮ್ಮ ಡಾಕ್ಟರು ಪಾಪ, ಕನ್ನಡಕ ಒರೆಸಿಕೊಳ್ಳೋರು.

ಒಂದ್ಸಲ ಅಣ್ಣನಿಗೂ ಅವರ ಸ್ವಂತ ಬಾಮೈದನಿಗೂ ಜಟಾಪಟಿ ಆಯ್ತು. ಅವತ್ತು ಸಂಜೆ ಸಾಹುಕಾರನ ಬಾಮೈದನಿಗೆ ಗಲ್ಲು. ಸುದ್ದಿ ಅಣ್ಣನಿಗಿಂತ ಮುಂಚೆ ಅವರ ಮನೆ ಮುಟ್ಟಿತು, ರಾತ್ರಿ ಊಟ ಹುಟ್ಟಲಿಲ್ಲ. ಮಾರನೇ ದಿನ ಅಣ್ಣ ಬಂದವರೇ ಕೊನೆಯ ಅಧ್ಯಾಯ ಇನ್ನೊಂದ್ಸಲ ಓದಿ ಬಾಮೈದನನ್ನ ಬಿಡುಗಡೆ ಮಾಡಿದ್ರು.

ಆಫೀಸರು ಬಂದರು

ಆಫೀಸರು ಬರೋ ದಿನ ಗೊತ್ತಾದ ತಕ್ಷಣ ಮನೆಮನೆಗೆ ಹೋಗಿ, ಅವತ್ತು ಎಲ್ಲರೂ ಬಂದು ಓದ್ತಾ ಕೂರಿ, ಇಲ್ಲದಿದ್ರೆ ಲೈಬ್ರರಿನೂ ಇಲ್ಲ ನಾನೂ ಇಲ್ಲ ಅಂತ ಬೇಡಿಕೊಂಡೆ. ಪಂಚಾಂಗ ನೋಡೋದೊಂದು ಮರೆತೆ.

ಬೆಳಿಗ್ಗೆ ಹೋದ್ರೆ ಊರಿಗೆ ಊರೇ ಸೇರಿದೆ. ಸ್ನಾನ ಮಾಡಿ, ಹೊಸ ಬಟ್ಟೆ ಹಾಕಿ ಬಂದಿದ್ದಾರೆ. ಹಿಗ್ಗುತ್ತಾ ಒಳಗೆ ಹೋಗಿ ನೋಡ್ತೀನಿ, ಬೀರು ಖಾಲಿ. ಮನೆಗೆ ಕೊಂಡುಹೋಗಿದ್ದ ಪುಸ್ತಕಗಳನ್ನೂ ತಂದು ಎಲ್ಲ ಬೆಂಚಿನ ಮೇಲೆ ಪೇರಿಸಿ, ಕೆಂಪು ಸೀರೆ ಹೊದಿಸಿ, ಹೂವು, ಅರಿಶಿನ ಕುಂಕುಮ ಇಟ್ಟು, ಮೇಲೊಂದು ಸರಸ್ವತಿ ಪಟ. ಅಕ್ಷರ ಇದೆಯಲ್ಲ ಅಂತ ಅವತ್ತಿನ ಪೇಪರ್ರನ್ನೂ ಬಿಟ್ಟಿಲ್ಲ. ಅವತ್ತು ಸರಸ್ವತಿ ಪೂಜೆ. ಪೂಜೆಗೆ ಕೂತ ಪುಸ್ತಕ ವಿಜಯದಶಮಿವರೆಗೆ ಯಾರೂ ಮುಟ್ಟೋ ಹಾಗಿಲ್ಲ.

ಅಷ್ಟು ಹೊತ್ತಿಗೆ ಕೋಟು ಹಾಕಿಕೊಂಡ ಆಫೀಸರು ಬಸ್ಸಿಳಿದು ಬಂದೇಬಿಟ್ರು. ಓದುಗರೆಲ್ಲಿ ಅಂದ್ರು. ಇವರೇ ಸಾರ್ ಅಂದೆ. ಓದ್ತಾ ಇಲ್ಲವಲ್ಲ ಅಂದ್ರು. ಇವತ್ತು ಓದಬಾರದು ಸಾರ್ ಅಂದೆ. ಅವರು ಫೈಲು ಬಿಚ್ಚಿ, ಜೇಬಿನಿಂದ ಪೆನ್ನು ತೆಗೆದ್ರು. ನನ್ನ ಕಥೆ ಮುಗೀತು ಅಂದುಕೊಂಡೆ.

ಅಜ್ಜಿ ಎದ್ದು ಬಂದಳು. “ಬರೀಬ್ಯಾಡಿ ಬುದ್ಧಿ. ಇವತ್ತು ಬರೆದ್ರೆ ಇರೋ ವಿದ್ಯೆನೂ ವೋಯ್ತದೆ” ಅಂತ ಮೆಲ್ಲಗೆ ಅವರ ಕೈಯಿಂದ ಫೈಲು ಪೆನ್ನು ಎರಡೂ ತಗೊಂಡು ಪಟದ ಮುಂದೆ ಇಟ್ಟು, ಫೈಲಿಗೆ ಕುಂಕುಮ ಹಚ್ಚಿದಳು. ಆಫೀಸರು ಕೈ ಚಾಚಿದ್ರು. ಪಟ ನೋಡಿದ್ರು. ಕೈ ಹಿಂದಕ್ಕೆ ಬಂತು. ಅವರೂ ಒಬ್ಬ ತಾಯಿ ಬೆಳೆಸಿದ ಮಗನೇ ತಾನೆ.

ಬಸ್ಸು ಇನ್ನೂ ತಡ. ದೊನ್ನೆಯಲ್ಲಿ ಕಡಲೇಕಾಳು ಉಸ್ಲಿ ತಿನ್ನುತ್ತಾ, ನೀನು ಇಲ್ಲಿ ಏನಮ್ಮಾ ಮಾಡ್ತೀಯ ಅಂತ ಅಜ್ಜಿಯನ್ನ ಕೇಳಿದ್ರು. ಅಷ್ಟೇ ಸಾಕಾಗಿತ್ತು. ಬೀಗ ಹಾಕಿದ ಕೋಣೆಯಿಂದ ಶುರುಮಾಡಿದಳು. ಜಟಕಾ ಸಾಹೇಬರು ನಡುವೆ ಬಾಯಿ ಹಾಕಿದ್ರು, ಪೇಪರ್ರಿನ ಅಣ್ಣತಮ್ಮ ಇಬ್ಬರೂ ತಿದ್ದಿದ್ರು. ಬಾಗಿಲು ಒಡೆಯೋ ಜಾಗಕ್ಕೆ ಸರಿಯಾಗಿ ಬಸ್ಸು ಬಂತು. ಆಫೀಸರು ಹಿಂದೆ ತಿರುಗಿ ನೋಡಿಕೊಂಡೇ ಹತ್ತಿದ್ರು.

ವಿಜಯದಶಮಿ ಸರ್ಕಾರಿ ರಜ. ಆದರೂ ಬಂದ್ರು, ಪಂಚೆ ಉಟ್ಟುಕೊಂಡು. ಫೈಲು ಪೆನ್ನು ತಗೊಂಡ್ರು, ಹೋಗಲಿಲ್ಲ. ಬಾಗಿಲು ಒಡೆದ ಮೇಲೆ ಏನಾಯ್ತು ಅಂತ ಕೇಳಿ ಬೆಂಚಿನ ಮೇಲೆ ಕೂತರು. ಕಟಿಂಗ್ ಶಾಪಿನಣ್ಣ ಓದಿದ್ರು. ಸಂಜೆ ಹೊತ್ತಿಗೆ ಇದ್ದ ಪುಟ ಮುಗೀತು.

ಮುಂದೆ ಓದಿ ಅಂದ್ರು ಆಫೀಸರು. ಮುಂದೆ ಪುಟ ಇಲ್ಲ ಅಂತ ನಾನು ತೊದಲಿದೆ. ಮತ್ತೆ ಕೊಂದಿದ್ದು ಯಾರು ಅಂತ ಅವರು ಅಣ್ಣನ ಕಡೆ ತಿರುಗಿದ್ರು. ಬಾಗಿಲ ಮೇಲಿನ ಬೋರ್ಡಿನ ಮಾತು ಮೊದಲ ಸಲ ನಡೀತು, ಒಬ್ಬರೂ ಉಸಿರೆತ್ತಲಿಲ್ಲ. ಅಣ್ಣ ನಿಧಾನವಾಗಿ ಪುಸ್ತಕ ಮಡಿಸಿದ್ರು.

“ಅದು ನಿಮ್ಮ ಕೈಲಿದೆ ಸಾರ್. ಲೈಬ್ರರಿ ಉಳಿದ್ರೆ ಕೊಂದಿದ್ದು ಡಾಕ್ಟರು. ಮುಚ್ಚಿದ್ರೆ, ಇನ್‌ಸ್ಪೆಕ್ಷನ್‌ಗೆ ಅಂತ ಬಂದಿದ್ದ ಒಬ್ಬ ಆಫೀಸರು.”

“ಕೋಟು ಆಕಿದ್ದ” ಅಂದಳು ಅಜ್ಜಿ.

ನಂಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು. ಆಫೀಸರು ಹೊಟ್ಟೆ ಹಿಡಿದುಕೊಂಡು ನಗೋಕೆ ಶುರುಮಾಡಿದ್ರು. ಕುಂಕುಮ ಹತ್ತಿದ ಫೈಲು ಬಿಚ್ಚಿ, ಲೈಬ್ರರಿ ಇಲ್ಲೇ ಮುಂದುವರಿಯಲಿ ಅಂತ ನಮ್ಮ ಕಣ್ಣೆದುರಿಗೇ ಬರೆದ್ರು. ಬರೆದು, ಆದರೆ ಪಾಪ, ಸಾಕ್ಷಿ ಇಲ್ಲದೆ ಡಾಕ್ಟರನ್ನ ಹೇಗ್ರೀ ಹಿಡಿಯೋದು ಅಂದ್ರು.

ಆಗ ಹಿಂದಿನ ಬೆಂಚಿನಿಂದ ನಮ್ಮ ಸರ್ಕಾರಿ ಡಾಕ್ಟರು ಎದ್ದು ನಿಂತ್ರು. ವರ್ಷವೆಲ್ಲ ಬಾಯಿ ಬಿಡದ ಮನುಷ್ಯ.

“ಲೈಬ್ರರಿ ಉಳಿಯೋದಾದ್ರೆ ಬರ್ಕೊಳ್ಳಿ ಸಾರ್. ನಾನೇ ಕೊಂದಿದ್ದು.”

ಅಜ್ಜಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. “ನಾನು ಮೊದ್ಲೇ ಏಳಿರ್ಲಿಲ್ವಾ?”