ಮೀನಿಗೆ ದಿನ ಕೊಡದ ಗೋಡೆ ಕ್ಯಾಲೆಂಡರಿಗೆ

ನಮ್ಮ ಅಡುಗೆಮನೆ ಬಾಗಿಲ ಪಕ್ಕದ ಮೊಳೆಯಲ್ಲಿ ವಿರಾಜಮಾನರಾಗಿರುವ, ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯವರು ಪುಕ್ಕಟೆಯಾಗಿ ದಯಪಾಲಿಸಿದ, ಪಂಚಾಂಗಸಹಿತ ಕ್ಯಾಲೆಂಡರ್ ಮಾನ್ಯರೇ, ಹೊಳೆನರಸೀಪುರದ ದೇವಯ್ಯನ ಸಾಷ್ಟಾಂಗ ನಮಸ್ಕಾರಗಳು. ಸೊಂಟ ಹಿಡಿದುಕೊಂಡಿರುವುದರಿಂದ ಸಾಷ್ಟಾಂಗವನ್ನು ನಿಂತೇ ಮಾಡಿದ್ದೇನೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಅಕ್ಷರ ಹೆಚ್ಚುಕಮ್ಮಿ ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಸಿಟ್ಟು ಮಾತ್ರ ಸರಿಯಾಗೇ ಇದೆ.

ವಿಷಯ ಏನೆಂದರೆ, ನನ್ನ ಹೆಂಡತಿ ಮಾಯಮ್ಮನ ಅಣ್ಣ ಕೆಂಚಯ್ಯನಿಗೆ ಹಾಸನದಲ್ಲಿ ಮಂಡಿ ಆಪರೇಷನ್ ಆಗಬೇಕಾಗಿದೆ. "ಭಾವ, ಆಪರೇಸನ್ ಆದ್ಮೇಲೆ ಬೆಟ್ಟ ಅತ್ತಂಗಿಲ್ವಂತೆ ಕಣ, ಅಷ್ಟ್ರೊಳಗೆ ಒಂದ್ಸಲ ಗಾಳ ಆಕ್ಬುಟ್ಟು ಬರನ" ಎಂದು ಅವನು ಕೇಳಿದ. ಜೀವಮಾನದಲ್ಲಿ ಆ ಮನುಷ್ಯ ನನ್ನನ್ನು ಕೇಳಿದ್ದು ಇದೊಂದೇ. ಅರಕಲಗೂಡಿನ ಆಚೆಯ ಬೆಟ್ಟದ ಹಳ್ಳಕ್ಕೆ ನಡೆದುಹೋಗಿ, ಮೀನು ಹಿಡಿದು, ಮೂರು ಕಲ್ಲಿಟ್ಟು ಸುಟ್ಟು ತಿಂದು, ಅಲ್ಲೇ ಮಲಗಿ ಬೆಳಿಗ್ಗೆ ವಾಪಸ್ಸಾಗುವುದು, ಇಷ್ಟೇ ನಮ್ಮ ಯೋಜನೆ. ಅಳಿಯ ಕೀರ್ತಿರಾಜ್ ಬೆನ್ನಿಗೆ ಹಾಕುವ ದೊಡ್ಡ ಬ್ಯಾಗನ್ನೂ ತಂದ. ಅದಕ್ಕಿರುವ ಬೆಲ್ಟುಗಳನ್ನು ನೋಡಿದರೆ ಹೊರುವವನು ನಾನೋ ಎತ್ತೋ ಎಂಬ ಅನುಮಾನ ಬರುತ್ತದೆ.

ಆಗ ಮಾಯಮ್ಮ ತಮ್ಮ ಸನ್ನಿಧಿಗೆ ಬಂದು ಬೆರಳಿಟ್ಟು ನೋಡಿದಳು. ಸೋಮವಾರ ನಮ್ಮ ಮನೆಗೆ ಆಗದು, ಶುಕ್ರವಾರ ಅವಳಿಗೆ ಆಗದು, ತಿಮ್ಮಪ್ಪನ ಒಕ್ಕಲಾದ ಕೆಂಚಯ್ಯ ಶನಿವಾರ ಮೀನಿನ ಹೆಸರನ್ನೂ ಎತ್ತುವುದಿಲ್ಲ, ಬುದ್ಧ ವಿಹಾರಕ್ಕೆ ಹೋಗುವ ಅಳಿಯ ಹುಣ್ಣಿಮೆಯ ದಿನ ಜೀವ ಕೊಲ್ಲುವುದಿಲ್ಲ. ಮಿಕ್ಕ ದಿನ ಅಳಿಯನಿಗೆ ಡ್ಯೂಟಿ. ತಾವು ಕೆಂಪು ಮಸಿಯಲ್ಲಿ ಅಚ್ಚು ಹಾಕಿಸಿಕೊಂಡ ದಿನ ರಜೆ ಉಂಟು. ಆದರೆ ರಜೆ ಹಬ್ಬಕ್ಕೆ, ಹಬ್ಬವೆಂದರೆ ಒಬ್ಬಟ್ಟು. ಬೆಟ್ಟದ ಮೇಲೆ ಏನು ತಿಂದರೇನು, ಕ್ಯಾಲೆಂಡರ್ ಮನೆಯಲ್ಲೇ ಇರುತ್ತದಲ್ಲ ಎಂದೆ. "ದೇವ್ರೂ ಮನೇಲೇ ಇರ್ತನಾ?" ಎಂದಳು.

ಉಳಿದದ್ದು ಭಾನುವಾರ. ಬದುಕಿದೆ ಅಂದುಕೊಂಡೆ. ಅಷ್ಟರಲ್ಲಿ ತಮ್ಮ ಬೆನ್ನ ಹಿಂದಿನ ಹಾಳೆಯಿಂದ ಅವಳು ಇನ್ನೊಂದು ಕಾನೂನು ತೆಗೆದಳು: ಭಾನುವಾರ ಪಶ್ಚಿಮಕ್ಕೆ ಶೂಲೆ, ಆ ದಿಕ್ಕಿಗೆ ಪ್ರಯಾಣ ಕೂಡದು. ಸ್ವಾಮೀ, ಬೆಟ್ಟವಿರುವುದೇ ಪಶ್ಚಿಮಕ್ಕೆ! ಇಷ್ಟೊಂದು ದೇವರುಗಳನ್ನು ಒಂದೇ ಹಾಳೆಯಲ್ಲಿ ಜಗಳವಿಲ್ಲದೆ ಕೂರಿಸಿದ ತಮ್ಮ ಜಾಣತನವನ್ನು ಎಷ್ಟು ಹೊಗಳಿದರೂ ಸಾಲದು; ಮೂರು ಜನ ಗಂಡಸರನ್ನು ಒಂದು ಬಸ್ಸಿನಲ್ಲಿ ಕೂರಿಸುವುದು ಮಾತ್ರ ತಮ್ಮ ಕೈಲಾಗಲಿಲ್ಲ. ಆದ್ದರಿಂದ ಶನಿವಾರಕ್ಕೂ ಭಾನುವಾರಕ್ಕೂ ನಡುವೆ ಯಾವ ದೇವರಿಗೂ ಕೊಡದ ಒಂದು ಚೌಕವನ್ನು ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ಅದಾಗದಿದ್ದರೆ ಬೆಟ್ಟದ ಸಾಲನ್ನೇ ಚನ್ನರಾಯಪಟ್ಟಣದ ಕಡೆಗೆ ಸರಿಸಿಕೊಡಿ. ಅಲ್ಲಿ ತೆಂಗಿನಮರಗಳಿಗೆ ಸ್ವಲ್ಪ ಅಡ್ಡಿಯಾಗಬಹುದು, ಮಂಡಿಯವರು ತಮಗೆ ಪರಿಚಯದವರೇ, ಮಾತಾಡಿಕೊಳ್ಳಿ.

ಇದನ್ನೆಲ್ಲ ನುಂಗಿಕೊಂಡಿದ್ದೆ. ಆದರೆ ಈ ಸೋಮವಾರ ಡಾಕ್ಟರು ಆಪರೇಷನ್‌ಗೆ ದಿನ ಕೊಟ್ಟರು: ಬರುವ ಮಂಗಳವಾರ, ಅದೂ ಅಮಾವಾಸ್ಯೆ. ಒಬ್ಬರಾದರೂ ತಮ್ಮನ್ನು ಕೇಳಿ ನೋಡೋಣ ಎನ್ನಲಿಲ್ಲ. ಕೆಂಚಯ್ಯ ತಲೆ ಬಗ್ಗಿಸಿ ಹೂಂ ಎಂದ. ಮನೆಗೆ ಬಂದವನೇ ಮಾಯಮ್ಮನನ್ನು ಕೇಳಿದೆ, "ಕಾಲು ಕುಯ್ಯಕ್ಕೆ ಅಮಾಸೆ ಆಯ್ತದೆ, ಮೀನ್ ಕುಯ್ಯಕ್ಕೆ ಮಾತ್ರ ಮೂರ್ತ ಬೇಕೇನಮ್ಮೀ?" ಅವಳು ಒಲೆಯ ಉರಿ ತಗ್ಗಿಸಿದಳು. ಅಣ್ಣನ ಮಂಡಿಯೇ ಅವಳ ಕಣ್ಣಮುಂದೆ ಇತ್ತೆಂದು ಕಾಣುತ್ತದೆ. ಆಮೇಲೆ, "ಬುಧ್ವಾರ ಪಶ್ಚಿಮಕ್ಕೆ ಶೂಲೆ ಇಲ್ಲ, ಅವತ್ತೇ ಬ್ಯಾಗ್ ಕಳ್ಸಿ ಅತ್ಲಾಗೆ. ಗಂಟು ಒಂಟ್ರೆ ಆಳು ಒಂಟಂಗೇ ಲೆಕ್ಕ" ಎಂದಳು.

ಹಾಗಾಗಿ ಬ್ಯಾಗು ಬುಧವಾರವೇ ಬೀದಿಯ ಪಶ್ಚಿಮದ ಕೊನೆಯಲ್ಲಿರುವ ಚನ್ನಬಸವಯ್ಯನವರ ಮನೆ ಸೇರಿದೆ. ಮೊಟ್ಟೆಯನ್ನೂ ಮುಟ್ಟದ ಆ ಪುಣ್ಯಾತ್ಮರು ಅದನ್ನು ದೇವರ ಕೋಣೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ. ಒಳಗೆ ಎರೆಹುಳದ ಡಬ್ಬಿ ಇರುವುದನ್ನು ನಾನಾಗಿ ಹೇಳಿಲ್ಲ. ತಮ್ಮ ಕಾನೂನಿನ ಪ್ರಕಾರ ನಾನು ಬುಧವಾರದಿಂದಲೂ ಪ್ರಯಾಣದಲ್ಲಿದ್ದೇನೆ. ಮನೆಯಲ್ಲಿ ಕೂತು ಮುದ್ದೆ ಉಣ್ಣುತ್ತಿರುವವನು ಬೇರೆ ಯಾರೋ. ನಾಳೆ ಭಾನುವಾರ ಬೆಳಿಗ್ಗೆ ಕೆಂಚಯ್ಯನನ್ನು ಬಸ್ಸು ಹತ್ತಿಸುತ್ತೇನೆ. ಅವನಿಗೆ ನಡೆಯಲಾಗದಿದ್ದರೆ ಬ್ಯಾಗನ್ನು ಅಳಿಯ ಹೊರಲಿ, ಕೆಂಚಯ್ಯನನ್ನು ನಾನು ಹೊರುತ್ತೇನೆ.

ವರ್ಷ ಮುಗಿಯುವವರೆಗೆ ಮಾತ್ರ ತಮ್ಮ ವಿಶ್ವಾಸಿ,
ದೇವಯ್ಯ

ತಾ.ಕ.: ನಾಳೆಯ ಚೌಕದ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ಪ್ರದೋಷ' ಎಂದು ತಾವು ಬರೆದುಕೊಂಡಿರುವುದನ್ನು ಈಗಷ್ಟೇ ನೋಡಿದೆ; ಅದು ಶಿವನ ದಿನ, ಮೀನು ಕೂಡದು. ಮಾಯಮ್ಮ ಇನ್ನೂ ನೋಡಿಲ್ಲ, ಅವಳ ಕನ್ನಡಕ ನನ್ನ ಜೇಬಿನಲ್ಲಿದೆ. ಸೋಮವಾರ ಬಂದು ಕೊಡುತ್ತೇನೆ. ಅಲ್ಲಿಯವರೆಗೆ ತಾವು ಗಾಳಿಗೂ ಅಲುಗಾಡಬಾರದು. ಅಲುಗಾಡಿದಿರೋ, ಉಳಿದ ಮೀನನ್ನು ಯಾವ ಕಾಗದದಲ್ಲಿ ಸುತ್ತಿಡಬೇಕೆಂದು ನನಗೆ ಗೊತ್ತು.